ಯೂರಿನ್ ರಿಪೋರ್ಟ್‌ನಲ್ಲಿ ‘ಪಸ್ ಸೆಲ್ಸ್ 8–10’ ಅಂತ ಬಂದಿದೆಯಾ? ಮಾತ್ರೆ ನುಂಗೋ ಮುಂಚೆ ಇದನ್ನ ಕೇಳಿ

ಬಸ್ಸಲ್ಲಿ, ಮೆಟ್ರೋದಲ್ಲಿ, ಪಿಜಿ ಟೆರೇಸ್ ಮೇಲೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮ್ಮೆಲ್ಲರಿಗೂ ಸ್ವಾಗತ. ಕೇಳೋಕೆ ಪುರುಸೊತ್ತು ಇಲ್ಲದವರಿಗೆ ಸಂಚಿಕೆಯ ಬರಹ ರೂಪ ಎಂದಿನಂತೆ ಇಲ್ಲಿದೆ.

ಇವತ್ತಿನ ವಿಷಯ ಯೂರಿನ್ ಟೆಸ್ಟ್. ಮನೆಯಲ್ಲಿ ಜೋರಾಗಿ ಮಾತಾಡೋಕೆ ನಾಚಿಕೆ, ಆಫೀಸಲ್ಲಿ ಹೇಳೋಕೆ ಇನ್ನೂ ನಾಚಿಕೆ. ಆದ್ರೆ ಹೊಸ ಕೆಲಸಕ್ಕೆ ಸೇರುವಾಗ, ಇನ್ಶೂರೆನ್ಸ್ ಮಾಡಿಸುವಾಗ, ಜ್ವರ ಬಂದಾಗ, ಗರ್ಭಿಣಿ ಆದಾಗ ಎಲ್ಲರೂ ಒಂದಲ್ಲ ಒಂದು ಸಲ ಆ ಪುಟ್ಟ ಡಬ್ಬಿ ಹಿಡಿದು ಬಾತ್‌ರೂಮಿಗೆ ಹೋಗಿಯೇ ಇರ್ತೀವಿ. ಸಂಜೆ ಹೊತ್ತಿಗೆ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತೆ. ತೆರೆದು ನೋಡಿದ್ರೆ ಒಂದೆರಡು ಸಾಲು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಅಲ್ಲಿಂದ ತಲೆಬಿಸಿ ಶುರು.

ಆಗ ಜನ ಎರಡು ದಾರಿ ಹಿಡೀತಾರೆ. ಕೆಲವರು ನೇರ ಮೆಡಿಕಲ್ ಶಾಪ್‌ಗೆ ಹೋಗಿ, ‘ಅಣ್ಣ, ಯೂರಿನ್ ಇನ್ಫೆಕ್ಷನ್‌ಗೆ ಏನಾದ್ರೂ ಕೊಡಿ’ ಅಂತಾರೆ. ಇನ್ನು ಕೆಲವರು ‘ಉಷ್ಣ ಆಗಿದೆ ಅಷ್ಟೇ’ ಅಂತ ಎಳನೀರು ಕುಡಿದು ಮಲಗ್ತಾರೆ. ಮೊದಲನೆಯವರು ಬೇಡದ ಔಷಧ ನುಂಗುವ ಅಪಾಯ ಇದೆ. ಎರಡನೆಯವರಲ್ಲಿ ಕೆಲವರಿಗೆ ಸೋಂಕು ಕಿಡ್ನಿವರೆಗೂ ಏರುವ ಅಪಾಯ ಇದೆ.

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ ಓದಿದವಳು. ಅಕೌಂಟ್ಸ್ ಕ್ಲಾಸಲ್ಲಿ ನಮಗೆ ಮೊದಲು ತಲೆಗೆ ಹಾಕೋ ಒಂದು ಪಾಠ ಇದೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ಟ್ಯಾಲಿ ಆಗಿಲ್ಲ ಅಂದ ಮಾತ್ರಕ್ಕೆ ಯಾರೋ ದುಡ್ಡು ಹೊಡೆದಿದ್ದಾರೆ ಅಂತಲೂ ಅಲ್ಲ. ವೋಚರ್ ತೆಗೆದು ನೋಡಬೇಕು. ಯೂರಿನ್ ರಿಪೋರ್ಟ್‌ಗೂ ಇದೇ ನಿಯಮ. ಇಲ್ಲಿ ವೋಚರ್ ಅಂದ್ರೆ ನಿಮ್ಮ ಮೈಯಲ್ಲಿ ಆಗ್ತಿರೋ ಲಕ್ಷಣಗಳು, ಮತ್ತು ಸ್ಯಾಂಪಲ್ ಕೊಟ್ಟ ರೀತಿ. ಇವೆರಡನ್ನೂ ಬಿಟ್ಟು ಬರೀ ನಂಬರ್ ನೋಡಿದ್ರೆ ರಿಪೋರ್ಟ್ ಅರ್ಥ ಆಗಲ್ಲ. ಇವತ್ತಿನ ಮಾತಿನ ಸಾರ ಇಷ್ಟೇ. ಈಗ ಒಂದೊಂದಾಗಿ ನೋಡೋಣ.

ಒಂದು ರಿಪೋರ್ಟ್, ಮೂರು ಭಾಗ

‘ಯೂರಿನ್ ರೊಟೀನ್’ ಅಂತ ಬರೆದುಕೊಟ್ಟ ಟೆಸ್ಟ್‌ನಲ್ಲಿ ಮೂರು ಭಾಗ ಇರುತ್ತೆ.

ಮೊದಲನೆಯದು ಕಣ್ಣಿಗೆ ಕಾಣೋದು. ಬಣ್ಣ, ತಿಳಿಯಾಗಿದೆಯಾ ಕದಡಿದೆಯಾ, ಎಷ್ಟು ಗಟ್ಟಿ ಇದೆ. ‘ಸ್ಪೆಸಿಫಿಕ್ ಗ್ರಾವಿಟಿ’ ಅನ್ನೋ ಸಾಲು ಗಟ್ಟಿತನ ಹೇಳುತ್ತೆ. ಸಾಮಾನ್ಯವಾಗಿ 1.005ರಿಂದ 1.030ರ ಒಳಗೆ ಇರುತ್ತೆ. ನೀರು ಕಡಿಮೆ ಕುಡಿದ ದಿನ ಮೇಲಕ್ಕೆ ಹೋಗುತ್ತೆ. ಬಣ್ಣ ನೋಡಿ ಗಾಬರಿ ಆಗೋ ಮುಂಚೆ ಹಿಂದಿನ ದಿನ ಏನು ತಿಂದ್ರಿ ಅಂತ ನೆನಪಿಸಿಕೊಳ್ಳಿ. ಬೀಟ್‌ರೂಟ್ ಪಲ್ಯ ತಿಂದ ಕೆಲವರಿಗೆ ಕೆಂಪಗೆ ಹೋಗುತ್ತೆ. ಬಿ-ಕಾಂಪ್ಲೆಕ್ಸ್ ಮಾತ್ರೆ ತಗೊಂಡ್ರೆ ಹೊಳೆಯೋ ಹಳದಿ. ಟಿಬಿಗೆ ಕೊಡೋ ರಿಫಾಂಪಿಸಿನ್ ತಗೊಳ್ಳೋರಿಗೆ ಕಿತ್ತಳೆ ಬಣ್ಣ.

ಎರಡನೆಯದು ರಾಸಾಯನಿಕ ಪರೀಕ್ಷೆ. ಸಣ್ಣ ಸಣ್ಣ ಬಣ್ಣದ ಚೌಕಗಳಿರುವ ಒಂದು ಪಟ್ಟಿಯನ್ನ ಮೂತ್ರದಲ್ಲಿ ಅದ್ದುತ್ತಾರೆ. ಪ್ರೋಟೀನ್, ಗ್ಲೂಕೋಸ್, ಕೀಟೋನ್, ರಕ್ತ, ನೈಟ್ರೈಟ್, ಲ್ಯೂಕೋಸೈಟ್ ಎಸ್ಟರೇಸ್ ಎಲ್ಲವೂ ಆ ಚೌಕಗಳ ಬಣ್ಣ ಬದಲಾಗೋದನ್ನ ನೋಡಿಯೇ ಹೇಳೋದು.

ಮೂರನೆಯದು ಮೈಕ್ರೋಸ್ಕೋಪ್. ಮೂತ್ರವನ್ನ ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತ ಗಸಿಯ ಒಂದು ಹನಿಯನ್ನ ಗಾಜಿನ ಮೇಲೆ ಹಾಕಿ 400 ಪಟ್ಟು ದೊಡ್ಡದು ಮಾಡಿ ನೋಡ್ತಾರೆ. ಒಂದು ಸಲಕ್ಕೆ ಕಣ್ಣಿಗೆ ಕಾಣೋ ಆ ದುಂಡನೆಯ ಜಾಗಕ್ಕೆ ‘ಹೈ ಪವರ್ ಫೀಲ್ಡ್’ ಅಂತ ಹೆಸರು. ರಿಪೋರ್ಟ್‌ನಲ್ಲಿ ‘ಎಚ್‌ಪಿಎಫ್’ ಅಂತ ಬರೋದು ಇದೇ. ‘ಪಸ್ ಸೆಲ್ಸ್ 8–10 ಎಚ್‌ಪಿಎಫ್’ ಅಂದ್ರೆ ಅಂಥ ಒಂದು ಜಾಗದಲ್ಲಿ ಸರಾಸರಿ 8ರಿಂದ 10 ಕಣ ಕಂಡಿವೆ ಅಂತ. ಇಡೀ ದೇಹದ ಲೆಕ್ಕ ಅಲ್ಲ, ಒಂದು ಕಿಟಕಿಯಿಂದ ಕಂಡಷ್ಟು.

ಪಸ್ ಅಂದ ತಕ್ಷಣ ಕೀವು ಅಂದುಕೊಳ್ಳಬೇಡಿ

ಅತಿ ಹೆಚ್ಚು ಜನ ಹೆದರೋದು ಈ ಪದಕ್ಕೆ. ಪಸ್ ಅಂದ್ರೆ ಕೀವು ಅಲ್ವಾ, ಹಾಗಾದ್ರೆ ಒಳಗೆಲ್ಲ ಕೀವು ತುಂಬಿದೆಯಾ ಅಂತ. ವಿಷಯ ಹಾಗಿಲ್ಲ. ಪಸ್ ಸೆಲ್ಸ್ ಅಂದ್ರೆ ನಮ್ಮದೇ ಬಿಳಿ ರಕ್ತಕಣಗಳು, ದೇಹದ ಕಾವಲುಗಾರರು. ಎಲ್ಲರ ಮೂತ್ರದಲ್ಲೂ ಒಂದಿಷ್ಟು ಇದ್ದೇ ಇರುತ್ತವೆ. ನಮ್ಮ ಹೆಚ್ಚಿನ ಲ್ಯಾಬ್‌ಗಳು 5ರವರೆಗೆ ಸಾಮಾನ್ಯ ಅಂತ ಬರೀತವೆ. ಅದಕ್ಕಿಂತ ಹೆಚ್ಚಾಗಿದ್ರೆ ಎಲ್ಲೋ ಕಿರಿಕಿರಿ ಆಗಿದೆ, ಕಾವಲುಗಾರರು ಓಡಾಡ್ತಿದ್ದಾರೆ ಅಂತ ಅರ್ಥ. ಆ ಕಿರಿಕಿರಿ ಸೋಂಕಿನಿಂದ ಇರಬಹುದು. ಕಲ್ಲಿನಿಂದ ಇರಬಹುದು. ಹೆಣ್ಣುಮಕ್ಕಳಲ್ಲಿ ಬಿಳಿಸೆರಗು ಡಬ್ಬಿಗೆ ಸೇರಿದ್ರೂ ಸಂಖ್ಯೆ ಏರುತ್ತೆ.

ಹಾಗಾಗಿ ಪಸ್ ಸೆಲ್ಸ್ ನೋಡಿದ ಕೂಡಲೇ ಕಣ್ಣು ಇನ್ನೊಂದು ಸಾಲಿಗೆ ಹೋಗಬೇಕು: ‘ಎಪಿಥೀಲಿಯಲ್ ಸೆಲ್ಸ್’. ಇವು ಚರ್ಮದ ಮೇಲ್ಪದರದ ಕಣಗಳು. ಇವು ತುಂಬಾ ಇದ್ರೆ, ಡಬ್ಬಿಯಲ್ಲಿರೋದು ಮೂತ್ರಕೋಶದ ಒಳಗಿನದ್ದು ಮಾತ್ರ ಅಲ್ಲ, ಹೊರಗಿನ ಚರ್ಮದ್ದೂ ಬೆರೆತಿದೆ ಅಂತ. ಅಂಥ ರಿಪೋರ್ಟ್ ನೋಡಿ ಔಷಧ ನಿರ್ಧಾರ ಮಾಡೋದು, ಬೇರೆಯವರ ಎಂಟ್ರಿ ಬೆರೆತ ಪಾಸ್‌ಬುಕ್ ನೋಡಿ ಲೆಕ್ಕ ಹಾಕಿದ ಹಾಗೆ. ಇನ್ನೊಮ್ಮೆ ಸರಿಯಾಗಿ ಸ್ಯಾಂಪಲ್ ಕೊಡೋದು ಒಳ್ಳೇದು.

ನೈಟ್ರೈಟ್ ಅನ್ನೋ ಸಾಕ್ಷಿ

ಸೋಂಕಿನ ಬಗ್ಗೆ ಸುಳಿವು ಕೊಡೋ ಎರಡು ಸಾಲು ಬಣ್ಣದ ಪಟ್ಟಿಯಲ್ಲಿ ಇವೆ.

ಒಂದು, ಲ್ಯೂಕೋಸೈಟ್ ಎಸ್ಟರೇಸ್. ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವ. ಇದು ಪಾಸಿಟಿವ್ ಅಂದ್ರೆ ಬಿಳಿ ಕಣ ಇವೆ ಅಂತ, ಅಷ್ಟೇ. ಯಾಕೆ ಬಂದಿವೆ ಅಂತ ಇದು ಹೇಳಲ್ಲ.

ಇನ್ನೊಂದು, ನೈಟ್ರೈಟ್. ನಾವು ತಿನ್ನೋ ಸೊಪ್ಪು ತರಕಾರಿಯಿಂದ ಮೂತ್ರಕ್ಕೆ ನೈಟ್ರೇಟ್ ಬರುತ್ತೆ. ಇ. ಕೋಲಿಯಂಥ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಆಗಿ ಬದಲಾಯಿಸುತ್ತೆ. ಸರಿಯಾಗಿ ತೆಗೆದ ತಾಜಾ ಸ್ಯಾಂಪಲ್‌ನಲ್ಲಿ ನೈಟ್ರೈಟ್ ಪಾಸಿಟಿವ್ ಇದ್ದು, ನಿಮಗೆ ಉರಿಯೂ ಇದ್ರೆ, ಸೋಂಕಿನ ಸಾಧ್ಯತೆ ಬಹಳ ಹೆಚ್ಚು.

ಆದ್ರೆ ನೆಗೆಟಿವ್ ಬಂದ್ರೆ ಸೋಂಕು ಇಲ್ಲ ಅಂತ ಹೇಳೋಕಾಗಲ್ಲ. ಈ ಬದಲಾವಣೆ ಆಗೋಕೆ ಮೂತ್ರ ಸುಮಾರು 4 ಗಂಟೆ ಮೂತ್ರಕೋಶದಲ್ಲೇ ನಿಂತಿರಬೇಕು. ಸೋಂಕು ಇರೋರು ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮಿಗೆ ಓಡ್ತಿರ್ತಾರೆ, ನಿಲ್ಲೋದೆಲ್ಲಿ? ಜೊತೆಗೆ ಎಂಟರೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡೋದೇ ಇಲ್ಲ. ಬೆಳಗಿನ ಮೊದಲ ಮೂತ್ರ ಒಳ್ಳೇದು ಅನ್ನೋದಕ್ಕೆ ಇದೂ ಒಂದು ಕಾರಣ.

ಇ. ಕೋಲಿ ಹೆಸರು ನೀವು ಕೇಳಿರ್ತೀರಿ. 1885ರಲ್ಲಿ ಥಿಯೋಡರ್ ಎಶರಿಕ್ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದರು, ಹೆಸರಲ್ಲಿರೋ ‘ಇ’ ಅವರದ್ದೇ. ನಮ್ಮ ಕರುಳಿನಲ್ಲಿ ಸಾಧುವಾಗಿ ಬದುಕೋ ಈ ಜೀವಿ ಜಾಗ ತಪ್ಪಿ ಮೂತ್ರನಾಳಕ್ಕೆ ಬಂದಾಗ ತೊಂದರೆ ಮಾಡುತ್ತೆ. ಹೆಚ್ಚಿನ ಮೂತ್ರಸೋಂಕುಗಳಿಗೆ ಇದೇ ಕಾರಣ. ಹೆಣ್ಣುಮಕ್ಕಳಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಬ್ಯಾಕ್ಟೀರಿಯಾಗೆ ದಾರಿ ಹತ್ತಿರ ಆದಷ್ಟೂ ಸೋಂಕು ಸುಲಭ. ಹಾಗಾಗಿ ಯೂರಿನ್ ಇನ್ಫೆಕ್ಷನ್ ಬಂತು ಅಂದ್ರೆ ಆ ಹುಡುಗಿ ‘ಸ್ವಚ್ಛ ಇಲ್ಲ’ ಅಂತ ಮಾತಾಡೋರು ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ಇದು ದೇಹದ ರಚನೆ. ಯಾರ ನಡತೆಯ ಸರ್ಟಿಫಿಕೇಟೂ ಅಲ್ಲ.

ಡಬ್ಬಿಯಲ್ಲೂ ಚಕ್ರಬಡ್ಡಿ ಬೆಳೆಯುತ್ತೆ

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಒಳ್ಳೆಯ ವಾತಾವರಣ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಲೆಕ್ಕ ಹಾಕಿ. ಒಂದು ಮಿಲಿಲೀಟರ್‌ನಲ್ಲಿ 1,000 ಬ್ಯಾಕ್ಟೀರಿಯಾ ಇದ್ದವು ಅಂದುಕೊಳ್ಳಿ. ಒಂದು ಗಂಟೆಗೆ 8,000. ಎರಡು ಗಂಟೆಗೆ 64,000. ಇನ್ನು 20 ನಿಮಿಷ ಕಳೆದ್ರೆ 1,28,000. ಡಬ್ಬಿಯಲ್ಲಿ ನಿಜವಾಗಿ ಅಷ್ಟು ವೇಗ ಇರದೇ ಇರಬಹುದು, ಆದ್ರೆ ಬಿಸಿಲಲ್ಲಿ ನಿಂತ ಸ್ಕೂಟರ್‌ನ ಡಿಕ್ಕಿಯಲ್ಲಿ ಬೆಳವಣಿಗೆ ನಿಲ್ಲೋದೂ ಇಲ್ಲ.

1 ಲಕ್ಷ ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಕಲ್ಚರ್ ವಿಷಯಕ್ಕೆ ಬಂದಾಗ ಬೇಕಾಗುತ್ತೆ. ಸದ್ಯಕ್ಕೆ ಪಾಠ ಏನಂದ್ರೆ, ಸ್ಯಾಂಪಲ್ ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಆಗಲ್ಲ ಅಂದ್ರೆ ಮುಚ್ಚಳ ಬಿಗಿ ಮಾಡಿ, ಕವರ್‌ನಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಅಲ್ಲ. ಫ್ರಿಜ್ ತಂಪಿಗೆ ಕೆಲವು ಹರಳುಗಳು ಹೊಸದಾಗಿ ಕಾಣಿಸಿಕೊಳ್ಳಬಹುದು, ಅದನ್ನ ಲ್ಯಾಬ್‌ನವರಿಗೆ ಹೇಳಿ.

ಸ್ಯಾಂಪಲ್ ಕೊಡೋ ಕ್ರಮ ಹೀಗಿದೆ. ಕೈ ತೊಳೆಯಿರಿ. ಮೂತ್ರ ಬರೋ ಜಾಗವನ್ನ ಬರೀ ನೀರಿನಿಂದ ತೊಳೆಯಿರಿ, ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ. ಮೊದಲು ಬರೋದನ್ನ ಟಾಯ್ಲೆಟ್‌ಗೆ ಬಿಡಿ. ನಡುವಿನದ್ದನ್ನ ಡಬ್ಬಿಗೆ ಹಿಡಿಯಿರಿ. ಕೊನೆಯದನ್ನ ಮತ್ತೆ ಟಾಯ್ಲೆಟ್‌ಗೆ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಮನೆಯಲ್ಲಿರೋ ಹಳೇ ಉಪ್ಪಿನಕಾಯಿ ಬಾಟಲಿ ಖಂಡಿತ ಬೇಡ, ಎಷ್ಟು ತೊಳೆದಿದ್ರೂ ಬೇಡ. ಕಲ್ಚರ್‌ಗೆ ಲ್ಯಾಬ್‌ನವರು ಕೊಡೋ ಸ್ಟೆರೈಲ್ ಡಬ್ಬಿಯೇ ಆಗಬೇಕು. ಪೀರಿಯಡ್ಸ್ ನಡೀತಿದ್ರೆ ಮೊದಲೇ ಹೇಳಿ. ಇಲ್ಲದಿದ್ರೆ ರಿಪೋರ್ಟ್‌ನಲ್ಲಿ ಕೆಂಪು ಕಣಗಳ ಸಾಲು ನೋಡಿ ಮನೆಯವರೆಲ್ಲ ಬೆಚ್ಚಿಬೀಳ್ತಾರೆ.

ಕಲ್ಚರ್: ತಡವಾಗುತ್ತೆ, ಆದ್ರೆ ಹೆಸರು ಹಿಡಿದು ಹೇಳುತ್ತೆ

ರೊಟೀನ್ ಟೆಸ್ಟ್ ಅನುಮಾನ ಹೇಳುತ್ತೆ. ಕಲ್ಚರ್ ಯಾವ ಬ್ಯಾಕ್ಟೀರಿಯಾ, ಎಷ್ಟಿದೆ, ಯಾವ ಔಷಧಕ್ಕೆ ಬಗ್ಗುತ್ತೆ ಅಂತ ಹೇಳುತ್ತೆ. ಬೀಜ ಬಿತ್ತಿ ಮೊಳಕೆಗೆ ಕಾದ ಹಾಗೆ ಬ್ಯಾಕ್ಟೀರಿಯಾ ಬೆಳೆಯೋಕೆ ಬಿಡಬೇಕು, ಹಾಗಾಗಿ ಪೂರ್ತಿ ರಿಪೋರ್ಟ್‌ಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು.

1956ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ ಒಂದು ಗಡಿ ಸೂಚಿಸಿದರು. ಮಿಲಿಲೀಟರ್‌ಗೆ 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೆಳೆದರೆ ಅದು ಹೊರಗಿನಿಂದ ಬೆರೆತದ್ದಲ್ಲ, ಮೂತ್ರಕೋಶದಲ್ಲೇ ಇದ್ದದ್ದು ಅಂತ ಎಣಿಸಬಹುದು. ಇವತ್ತಿಗೂ ಬಹಳಷ್ಟು ರಿಪೋರ್ಟ್‌ಗಳು ಈ ಸಂಖ್ಯೆಯ ಸುತ್ತಲೇ ತಿರುಗುತ್ತವೆ. ಉರಿ, ನೋವು ಇರುವ ಹೆಣ್ಣುಮಕ್ಕಳಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆಯೂ ಸೋಂಕೇ ಆಗಿರಬಹುದು ಅಂತ ನಂತರ ಗೊತ್ತಾಗಿದೆ. ಇಲ್ಲೂ ಲಕ್ಷಣವೇ ತೂಕ ಜಾಸ್ತಿ.

ರಿಪೋರ್ಟ್‌ನಲ್ಲಿ ‘ನೋ ಗ್ರೋತ್’ ಅಂದ್ರೆ ಏನೂ ಬೆಳೆದಿಲ್ಲ. ‘ಮಿಕ್ಸೆಡ್ ಗ್ರೋತ್’ ಅಂದ್ರೆ ಹಲವು ಬಗೆ ಬೆಳೆದಿವೆ, ಹೆಚ್ಚಾಗಿ ಸ್ಯಾಂಪಲ್ ಕಲುಷಿತ ಆಗಿದೆ ಅಂತ. ಒಂದೇ ಬಗೆ ಬೆಳೆದಿದ್ರೆ ಕೆಳಗೆ ಔಷಧಗಳ ಉದ್ದ ಪಟ್ಟಿ ಇರುತ್ತೆ. ಪಕ್ಕದಲ್ಲಿ ‘ಎಸ್’ ಇದ್ರೆ ಆ ಔಷಧಕ್ಕೆ ಬಗ್ಗುತ್ತೆ, ‘ಆರ್’ ಇದ್ರೆ ಬಗ್ಗಲ್ಲ, ‘ಐ’ ಇದ್ರೆ ನಡುವೆ. ‘ಎಸ್’ ಇರೋದನ್ನೆಲ್ಲ ಟಿಕ್ ಹಾಕಿ ಅಂಗಡಿಗೆ ಹೋಗೋ ಪಟ್ಟಿ ಅಲ್ಲ ಇದು. ಕಿಡ್ನಿಯ ಸ್ಥಿತಿ, ಗರ್ಭ, ಬೇರೆ ಮಾತ್ರೆಗಳು, ಸೋಂಕು ಮೂತ್ರಕೋಶದಲ್ಲಿದೆಯಾ ಕಿಡ್ನಿಯಲ್ಲಿದೆಯಾ ಅನ್ನೋದೆಲ್ಲ ನೋಡಿ ಡಾಕ್ಟರ್ ಆರಿಸಬೇಕು.

ಬಹಳ ಮುಖ್ಯವಾದ ಒಂದು ಮಾತು. ಕಲ್ಚರ್ ಸ್ಯಾಂಪಲ್ ಕೊಡೋದು ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗೋ ಮುಂಚೆ. ನುಂಗಿದ ಮೇಲೆ ಕೊಟ್ಟರೆ ಬ್ಯಾಕ್ಟೀರಿಯಾ ಅರ್ಧ ಸತ್ತು, ‘ನೋ ಗ್ರೋತ್’ ಅಂತ ಬರಬಹುದು. ಸೋಂಕು ಒಳಗೇ ಇದ್ದು ರಿಪೋರ್ಟ್ ಮಾತ್ರ ಕ್ಲೀನ್. ಈಗಾಗಲೇ ನುಂಗಿದ್ರೆ ಲ್ಯಾಬ್‌ನವರಿಗೂ ಡಾಕ್ಟರ್‌ಗೂ ಹೇಳಿ. ಇನ್ನು ಕಿಡ್ನಿ ಸೋಂಕಿನಂಥ ಗಂಭೀರ ಸ್ಥಿತಿಯಲ್ಲಿ ಸ್ಯಾಂಪಲ್ ತೆಗೆದುಕೊಂಡ ಕೂಡಲೇ ಡಾಕ್ಟರ್ ಔಷಧ ಶುರು ಮಾಡ್ತಾರೆ, ರಿಪೋರ್ಟ್‌ಗೆ ಕಾಯಲ್ಲ. ಆಮೇಲೆ ರಿಪೋರ್ಟ್ ನೋಡಿ ಬೇಕಿದ್ರೆ ಬದಲಾಯಿಸ್ತಾರೆ.

ಮೂರು ರಿಪೋರ್ಟ್, ಮೂರು ಕಥೆ

ಅರ್ಥ ಆಗಲಿ ಅಂತ ನಾನೇ ಮೂರು ಉದಾಹರಣೆ ಕಟ್ಟಿದ್ದೀನಿ. ಯಾರ ನಿಜವಾದ ರಿಪೋರ್ಟೂ ಅಲ್ಲ.

ಮೊದಲನೆಯದು, 24 ವರ್ಷದ ಹುಡುಗಿ, ಹೊಸ ಕೆಲಸಕ್ಕೆ ಮೆಡಿಕಲ್ ಚೆಕಪ್. ಪಸ್ ಸೆಲ್ಸ್ 8–10, ಎಪಿಥೀಲಿಯಲ್ ಸೆಲ್ಸ್ 15–20, ನೈಟ್ರೈಟ್ ನೆಗೆಟಿವ್. ಉರಿ ಇಲ್ಲ, ಜ್ವರ ಇಲ್ಲ, ಏನೂ ಇಲ್ಲ. ಇಲ್ಲಿ ಮೊದಲ ಅನುಮಾನ ಸ್ಯಾಂಪಲ್ ಮೇಲೆ. ಸರಿಯಾಗಿ ಇನ್ನೊಮ್ಮೆ ಕೊಟ್ಟು ನೋಡಬೇಕು. ಲಕ್ಷಣವೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರೋದು ಸಾಧ್ಯ, ಮುಖ್ಯವಾಗಿ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರೋರಲ್ಲಿ. ಅಂಥವರಿಗೆ ಸುಮ್ಮನೆ ಆ್ಯಂಟಿಬಯಾಟಿಕ್ ಕೊಡಬಾರದು ಅಂತಲೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಮುಖ್ಯವಾದ ಎರಡು ಹೊರತು: ಗರ್ಭಿಣಿಯರು, ಮತ್ತು ಮೂತ್ರಮಾರ್ಗದ ಕೆಲವು ಆಪರೇಷನ್‌ಗೆ ಹೋಗುವವರು. ಗರ್ಭಿಣಿಯರಲ್ಲಿ ಲಕ್ಷಣ ಇಲ್ಲದ ಬ್ಯಾಕ್ಟೀರಿಯಾವೂ ಕಿಡ್ನಿಗೆ ಏರಬಹುದು. ತಾಯಿ ಕಾರ್ಡ್ ಹಿಡಿದು ಹೋದಾಗ ಮೂತ್ರ ಪರೀಕ್ಷೆ ಮಾಡಿಸಿ ಅಂದ್ರೆ ಅದನ್ನ ತಪ್ಪಿಸಬೇಡಿ.

ಎರಡನೆಯದು, 27 ವರ್ಷದ ಹುಡುಗಿ. ಮೂರು ದಿನದಿಂದ ಉರಿ, ಪದೇಪದೇ ಮೂತ್ರ. ಯಾರೋ ಕೊಟ್ಟ ಎರಡು ಮಾತ್ರೆ ನುಂಗಿದ್ದಾಳೆ. ಪಸ್ ಸೆಲ್ಸ್ 4–5, ಲ್ಯಾಬ್ ಪ್ರಕಾರ ನಾರ್ಮಲ್. ಆದ್ರೆ ಸಂಜೆಯಿಂದ ಚಳಿಜ್ವರ, ಒಂದು ಬದಿ ಪಕ್ಕೆಯ ಕೆಳಗೆ ಬೆನ್ನು ನೋವು, ವಾಂತಿ. ಈ ರಿಪೋರ್ಟ್‌ನಲ್ಲಿ ಒಂದು ನಕ್ಷತ್ರವೂ ಇಲ್ಲ. ಆದ್ರೂ ಮೂವರಲ್ಲಿ ಇವತ್ತೇ ಆಸ್ಪತ್ರೆಗೆ ಹೋಗಬೇಕಾದವಳು ಇವಳೇ. ಸೋಂಕು ಕಿಡ್ನಿಗೆ ಏರಿರೋ ಲಕ್ಷಣ ಇವು. ಅಲ್ಲಿಂದ ರಕ್ತಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ.

ಮೂರನೆಯದು, 29 ವರ್ಷದ ಹುಡುಗ. ತಿಂಗಳಿಂದ ಆಗಾಗ ಉರಿ. ಪಸ್ ಸೆಲ್ಸ್ 20–25, ಆದ್ರೆ ಕಲ್ಚರ್ ಎರಡು ಸಲವೂ ‘ನೋ ಗ್ರೋತ್’. ಮಾತ್ರೆ ಬದಲಾಯಿಸುತ್ತಾ ಹೋಗೋದು ಇಲ್ಲಿ ದಾರಿ ಅಲ್ಲ. ಬಿಳಿ ಕಣ ಇವೆ, ಮಾಮೂಲಿ ಬ್ಯಾಕ್ಟೀರಿಯಾ ಇಲ್ಲ ಅಂದ್ರೆ ಕಲ್ಲು ಇರಬಹುದು, ಕ್ಲಮೈಡಿಯಾದಂಥ ಲೈಂಗಿಕವಾಗಿ ಹರಡುವ ಸೋಂಕು ಇರಬಹುದು, ನಮ್ಮ ದೇಶದಲ್ಲಂತೂ ಮೂತ್ರಾಂಗದ ಟಿಬಿಯನ್ನೂ ಮರೆಯೋಹಾಗಿಲ್ಲ. ಇವು ಸಾಮಾನ್ಯ ಕಲ್ಚರ್‌ನಲ್ಲಿ ಬೆಳೆಯಲ್ಲ, ಬೇರೆ ಟೆಸ್ಟ್ ಬೇಕು. ಯುವಕರಲ್ಲಿ ಯೂರಿನ್ ಇನ್ಫೆಕ್ಷನ್ ಅಪರೂಪ. ಬಂದ್ರೆ ಕಾರಣ ಹುಡುಕಲೇಬೇಕು. ನಾಚಿಕೆ ಬಿಟ್ಟು ಡಾಕ್ಟರ್ ಹತ್ರ ಎಲ್ಲ ಹೇಳಿ.

ಉಷ್ಣ, ಬಾರ್ಲಿ, ಎಳನೀರು

ನಮ್ಮ ಮನೆಗಳಲ್ಲಿ ಉರಿಮೂತ್ರ ಅಂದ್ರೆ ‘ಉಷ್ಣ’. ಅಜ್ಜಿ ಬಾರ್ಲಿ ನೀರು ಕಾಯಿಸ್ತಾರೆ, ಅಮ್ಮ ಎಳನೀರು ತರಿಸ್ತಾರೆ. ಇದನ್ನ ಆಡಿಕೊಳ್ಳೋ ಅಗತ್ಯ ಇಲ್ಲ. ಬೇಸಿಗೆಯಲ್ಲಿ ನೀರು ಕುಡಿಯದೆ ಮೂತ್ರ ಗಟ್ಟಿಯಾದ್ರೆ ಉರಿಯೋದು ನಿಜ, ನೀರು ಕುಡಿದರೆ ಒಂದು ದಿನದಲ್ಲಿ ಕಡಿಮೆ ಆಗೋದೂ ನಿಜ. ನೀರಿನ ವಿಷಯದಲ್ಲಿ ಸಂಶೋಧನೆಯೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಮೂತ್ರಸೋಂಕು ಆಗ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು. ಹೆಚ್ಚು ಕುಡಿಯದವರಿಗೆ 3.2 ಸಲ. ಹತ್ತಿರ ಹತ್ತಿರ ಅರ್ಧ.

ಆದ್ರೆ ಇದು ಸೋಂಕು ಮತ್ತೆ ಬಾರದಂತೆ ತಡೆಯೋ ಲೆಕ್ಕ. ಬಂದಿರೋ ಸೋಂಕನ್ನ, ಅದರಲ್ಲೂ ಕಿಡ್ನಿಗೆ ಏರಿದ್ದನ್ನ, ಎಳನೀರು ಇಳಿಸಲ್ಲ. ಒಂದು ದಿನ ಚೆನ್ನಾಗಿ ನೀರು ಕುಡಿದ ಮೇಲೂ ಉರಿ, ಪದೇಪದೇ ಹೋಗಬೇಕು ಅನ್ನೋ ಒತ್ತಡ, ಕೆಳಹೊಟ್ಟೆ ನೋವು ಇದ್ರೆ ಉಷ್ಣದ ಮಾತು ಬಿಟ್ಟು ಡಾಕ್ಟರ್ ಹತ್ರ ಹೋಗಿ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರು ಮಿತಿ ಹಾಕಿರೋ ಹಿರಿಯರಿಗೆ ‘ಚೆನ್ನಾಗಿ ಕುಡೀರಿ’ ಅಂತ ಸಲಹೆ ಕೊಡಬೇಡಿ.

ಇದರ ಇನ್ನೊಂದು ಮುಖವೂ ಇದೆ. ನಮ್ಮಲ್ಲಿ ಎಷ್ಟೋ ಹುಡುಗಿಯರು ನೀರು ಕುಡಿಯದೇ ಇರೋದು ಮರೆತು ಅಲ್ಲ. ಬಸ್ ಪ್ರಯಾಣದಲ್ಲಿ, ಕಾಲೇಜಲ್ಲಿ, ಕೆಲಸದ ಜಾಗದಲ್ಲಿ ಕಾಲಿಡುವಂಥ ಟಾಯ್ಲೆಟ್ ಇಲ್ಲ ಅಂತ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೂ ತಡ್ಕೊಂಡು ಇರ್ತಾರೆ. ಅವರಿಗೆ ‘ನೀರು ಕುಡಿ’ ಅಂತ ಹೇಳೋದು ಸುಲಭ. ಬಾಗಿಲು ಹಾಕೋಕೆ ಬರೋ, ನೀರು ಬರೋ ಒಂದು ಟಾಯ್ಲೆಟ್ ಕೇಳೋದು ಆರೋಗ್ಯದ ವಿಷಯವೇ.

ಕೆಂಪು ಗೆರೆ ನೋಡಿದ್ದೀರಾ?

ಈಗ ಮೆಡಿಕಲ್ ಶಾಪ್. ನಿಮ್ಮ ಮನೆಯಲ್ಲಿರೋ ಆ್ಯಂಟಿಬಯಾಟಿಕ್ ಸ್ಟ್ರಿಪ್ ತಿರುಗಿಸಿ ನೋಡಿ, ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತೆ. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬಾರದು ಅಂತ ಅದರ ಅರ್ಥ. ಇದನ್ನ ಜನರಿಗೆ ತಿಳಿಸೋಕೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಶುರು ಮಾಡಿತು. ಅದಕ್ಕೂ ಮುಂಚೆ, 2014ರ ಮಾರ್ಚ್‌ನಿಂದ ‘ಶೆಡ್ಯೂಲ್ ಎಚ್1’ ನಿಯಮ ಜಾರಿಯಲ್ಲಿದೆ. ಆ ಪಟ್ಟಿಯಲ್ಲಿರೋ ಆ್ಯಂಟಿಬಯಾಟಿಕ್ ಮಾರಿದರೆ ಅಂಗಡಿಯವರು ರೋಗಿ ಮತ್ತು ಡಾಕ್ಟರ್ ಹೆಸರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಯಲ್ಲೂ ಇದು ನಡೆಯುತ್ತಾ ಅನ್ನೋದಕ್ಕೆ ಉತ್ತರ ನಿಮಗೇ ಗೊತ್ತು.

ಇಷ್ಟು ಬಿಗಿ ಯಾಕೆ? ಪ್ರತಿ ಸಲ ಅರ್ಧಂಬರ್ಧ ಔಷಧ ನುಂಗಿದಾಗ, ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಬೆಳೆಯುತ್ತವೆ. ಒಂದು ಕಾಲಕ್ಕೆ ಯೂರಿನ್ ಇನ್ಫೆಕ್ಷನ್‌ಗೆ ಎಲ್ಲರೂ ಕೊಡುತ್ತಿದ್ದ ಸಿಪ್ರೋಫ್ಲಾಕ್ಸಸಿನ್‌ಗೆ ನಮ್ಮ ದೇಶದ ಇ. ಕೋಲಿಯಲ್ಲಿ ದೊಡ್ಡ ಪಾಲು ಈಗ ಬಗ್ಗುತ್ತಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳು ತೋರಿಸುತ್ತಿವೆ. ಹೋದ ವರ್ಷ ನಿಮ್ಮ ಫ್ರೆಂಡ್‌ಗೆ ಕೆಲಸ ಮಾಡಿದ ಮಾತ್ರೆ ಈ ವರ್ಷ ನಿಮಗೆ ಕೆಲಸ ಮಾಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನುಂಗಿದ ಮಾತ್ರೆ ಕೆಲಸ ಮಾಡಲಿಲ್ಲ ಅಂದ್ರೆ ಕಳೆಯೋದು ದುಡ್ಡು ಮಾತ್ರ ಅಲ್ಲ, ಸೋಂಕು ಮೇಲೆ ಏರೋಕೆ ಎರಡು ಮೂರು ದಿನ ಸಿಗುತ್ತೆ.

ಸೋಂಕಲ್ಲದ ಸಾಲುಗಳು

ರಿಪೋರ್ಟ್‌ನಲ್ಲಿ ದಪ್ಪ ಅಕ್ಷರ ಬರೋ ಇನ್ನೂ ಕೆಲವು ಸಾಲುಗಳಿವೆ. ಚಿಕ್ಕದಾಗಿ ಹೇಳ್ತೀನಿ.

ಪ್ರೋಟೀನ್ ‘ಟ್ರೇಸ್’ ಅಂದ್ರೆ ತುಸು ಇದೆ ಅಂತ. ಜ್ವರ, ಜಿಮ್‌ನಲ್ಲಿ ಜೋರು ವ್ಯಾಯಾಮ, ನೀರಿನ ಕೊರತೆ ಇದ್ದಾಗ ಬಂದು ಹೋಗಬಹುದು. ಮತ್ತೆ ಮಾಡಿಸಿದಾಗಲೂ ಇದ್ರೆ ಕಿಡ್ನಿ, ಬಿಪಿ, ಸಕ್ಕರೆ ನೋಡಿಸಬೇಕು. ಗರ್ಭಿಣಿಯರಲ್ಲಿ ಪ್ರೋಟೀನ್ ಜೊತೆ ಬಿಪಿ ಏರಿದ್ರೆ ತಡ ಮಾಡೋಹಾಗಿಲ್ಲ.

ಗ್ಲೂಕೋಸ್ ಇದ್ರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದಾಗ ಮೂತ್ರಕ್ಕೆ ಇಳಿಯುತ್ತೆ. ಆದ್ರೆ ಅಪ್ಪ ಅಮ್ಮ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ತಿದ್ರೆ ಅವರ ಮೂತ್ರದಲ್ಲಿ ಗ್ಲೂಕೋಸ್ ಕಾಣೋದು ಸಹಜ. ಆ ಮಾತ್ರೆ ಕೆಲಸ ಮಾಡೋದೇ ಸಕ್ಕರೆಯನ್ನ ಮೂತ್ರದಲ್ಲಿ ಹೊರಹಾಕಿ.

ಕೀಟೋನ್ ಏಕಾದಶಿ ಉಪವಾಸ ಮಾಡಿದವರಲ್ಲಿ, ಕೀಟೋ ಡಯಟ್ ಮಾಡೋರಲ್ಲಿ ಬರುತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ಕೀಟೋನ್ ಜೊತೆ ವಾಂತಿ, ಏದುಸಿರು ಇದ್ರೆ ಅದು ತುರ್ತು.

ರಕ್ತ, ಅಂದ್ರೆ ಕೆಂಪು ಕಣಗಳು, ಪೀರಿಯಡ್ಸ್, ಸೋಂಕು, ಕಲ್ಲು ಮೂರರಲ್ಲೂ ಬರಬಹುದು. ಕಣ್ಣಿಗೇ ಕಾಣುವಂತೆ ರಕ್ತ ಹೋದ್ರೆ, ನೋವು ಇಲ್ಲದಿದ್ರೂ, ಒಂದೇ ಸಲ ಹೋಗಿ ನಿಂತಿದ್ರೂ ತೋರಿಸಬೇಕು. ಅದರಲ್ಲೂ ವಯಸ್ಸಾದವರು, ಬೀಡಿ ಸಿಗರೇಟ್ ಸೇದೋರು. ಮೂತ್ರಕೋಶದ ಕ್ಯಾನ್ಸರ್ ನೋವಿಲ್ಲದ ರಕ್ತದಿಂದಲೇ ಮೊದಲು ಗೊತ್ತಾಗೋದು ಹೆಚ್ಚು.

ಕಾಯಬಾರದ ಲಕ್ಷಣಗಳು

ರಿಪೋರ್ಟ್ ಏನೇ ಹೇಳಲಿ, ಇವು ಇದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಳಿ ನಡುಕದ ಜ್ವರ. ಪಕ್ಕೆಯ ಕೆಳಗೆ ಬೆನ್ನು ನೋವು. ನಿಲ್ಲದ ವಾಂತಿ. ಮೂತ್ರ ಪೂರ್ತಿ ಕಟ್ಟಿಹೋಗೋದು. ಗರ್ಭಿಣಿಗೆ ಉರಿ ಅಥವಾ ಜ್ವರ. ಚಿಕ್ಕ ಮಕ್ಕಳಿಗೆ ಕಾರಣ ಗೊತ್ತಾಗದ ಜ್ವರ. ಹಿರಿಯರಿಗೆ ಜ್ವರದ ಜೊತೆ ಇದ್ದಕ್ಕಿದ್ದಂತೆ ಮಾತು ತಡವರಿಸೋದು, ಮಂಕಾಗೋದು.

ಡಾಕ್ಟರ್ ಮುಂದೆ ಕೂತಾಗ ಐದು ವಿಷಯ ಹೇಳಿ. ಏನಾಗ್ತಿದೆ, ಎಷ್ಟು ದಿನದಿಂದ. ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ. ಗರ್ಭದ ಸಾಧ್ಯತೆ ಇದೆಯಾ. ಸಕ್ಕರೆ, ಕಲ್ಲು, ಅಲರ್ಜಿ ಇದೆಯಾ. ವರ್ಷದಲ್ಲಿ ಇದು ಎಷ್ಟನೇ ಸಲ. ಆಮೇಲೆ ಎರಡು ಪ್ರಶ್ನೆ ಕೇಳಿ: ‘ಕಲ್ಚರ್ ಬೇಕಾ ಡಾಕ್ಟ್ರೇ?’ ಮತ್ತು ‘ಎಷ್ಟು ದಿನದಲ್ಲಿ ಕಡಿಮೆ ಆಗದಿದ್ರೆ ವಾಪಸ್ ಬರಬೇಕು?’ ಈ ಎರಡು ಪ್ರಶ್ನೆಗೆ ಸಿಗೋ ಉತ್ತರವನ್ನ ಫೋನಲ್ಲಿ ಬರೆದುಕೊಳ್ಳಿ, ಕಲ್ಚರ್ ಪಿಡಿಎಫ್ ಅನ್ನ ಡಿಲೀಟ್ ಮಾಡದೆ ಇಟ್ಟುಕೊಳ್ಳಿ. ಮುಂದಿನ ಸಲ ಸೋಂಕು ಬಂದ್ರೆ ಡಾಕ್ಟರ್‌ಗೆ ಅದು ತುಂಬಾ ಉಪಯೋಗಕ್ಕೆ ಬರುತ್ತೆ.

ಈ ಸಂಚಿಕೆಯನ್ನ ನಿಮ್ಮ ಪಿಜಿ ಗ್ರೂಪ್‌ಗೆ, ಮನೆ ಗ್ರೂಪ್‌ಗೆ ಕಳಿಸಿ. ಹೇಳೋಕೆ ನಾಚಿಕೊಂಡು ಉರಿ ತಡ್ಕೊಂಡು ಕೂತಿರೋ ಒಬ್ಬರಾದ್ರೂ ಅಲ್ಲಿ ಇರ್ತಾರೆ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ನಮಸ್ಕಾರ.